ಸೀಲಿನ ಹಿಂದಿನ ಸಂಸಾರ

ಉಚ್ಚಂಗೆಮ್ಮ ನನಗೆ ಒಡಹುಟ್ಟಿದ ಅಕ್ಕ. ಅವಳ ಮಗಳು ಹೊನ್ನೂರಮ್ಮನನ್ನು ನಾನು ಕಟ್ಟಿಕೊಂಡಿರುವುದರಿಂದ ಅತ್ತೆಯೂ ಹೌದು. ಅಕ್ಕನ ಮಗಳನ್ನು ಮಾಡಿಕೊಳ್ಳುವುದು ನಮ್ಮ ಕಡೆ ಹೊಸದೇನಲ್ಲ. ಅದರಲ್ಲಿ ಒಂದು ಅನುಕೂಲವೂ ಉಂಟು. ಅಕ್ಕನ ಹತ್ತಿರ ಬೈಸಿಕೊಳ್ಳಲು ಒಂದೂರಿಗೆ, ಅತ್ತೆಯ ಹತ್ತಿರ ಬೈಸಿಕೊಳ್ಳಲು ಇನ್ನೊಂದೂರಿಗೆ ಅಲೆಯುವುದು ತಪ್ಪುತ್ತದೆ.

ಈ ಅಕ್ಕ ಸರ್ಕಾರದ ಮೇಲೆ ಹೈಕೋರ್ಟಿಗೆ ಹೋದಳು. ಈಗ ಜಗಳೂರು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನಾದರೂ ಕೇಳಿ, ಉಚ್ಚಂಗೆಮ್ಮ ಜಡ್ಜಿಗೇ ಎದುರು ಮಾತಾಡಿ ಮನೆ ಗೆದ್ದುಕೊಂಡಳು ಎನ್ನುತ್ತಾರೆ. ಶುದ್ಧ ಸುಳ್ಳು. ಕೋರ್ಟಿನಲ್ಲಿ ಅವಳು ತುಟಿ ಪಿಟಕ್ಕೆನ್ನಲಿಲ್ಲ. ಎನ್ನಲು ಯಾರೂ ಬಿಡಲಿಲ್ಲ. ಆಮೇಲೆ ಆದದ್ದೆಲ್ಲ ಅದರಿಂದಲೇ ಆದದ್ದು. ಅವಳ ಜೊತೆ ಬಸ್ಸಿನಲ್ಲಿ ಬೆಂಗಳೂರಿನವರೆಗೆ ಕೂತು ಸೊಂಟ ಹಿಡಿಸಿಕೊಂಡವನು ನಾನು. ಆದ್ದರಿಂದ ನಿಜ ಹೇಳುವ ಹಕ್ಕು ನನ್ನದು.

ಮನೆ ಅಂದರೆ ದೊಡ್ಡ ಬಂಗಲೆ ಅಂದುಕೊಳ್ಳಬೇಡಿ. ಜಗಳೂರಿನಿಂದ ಸ್ವಲ್ಪ ಆಚೆ, ಟಾರು ರಸ್ತೆಯ ಪಕ್ಕ, ಎಪ್ಪತ್ತಾರರ ಸುಮಾರಿಗೆ ಮನೆಯಿಲ್ಲದ ಬಡವರಿಗೆಂದು ಕಟ್ಟಿಸಿಕೊಟ್ಟ ಜನತಾ ಮನೆ. ಒಂದು ಕೋಣೆ, ಒಲೆಗೊಂದು ಮೂಲೆ, ಮೇಲೆ ಹೆಂಚು. ಅಂಥವು ಸಾಲಾಗಿ ಹನ್ನೆರಡು. ಅಕ್ಕನದು ಕೊನೆಯದು. ಗಂಡ ದೊಡ್ಡಣ್ಣ ತೀರಿಕೊಂಡ ಮೇಲೆ ಗುಡಿಸಲಿನಲ್ಲಿ ಇದ್ದವಳಿಗೆ ತನ್ನ ಹೆಸರಿನಲ್ಲಿ ಒಂದು ಹಕ್ಕುಪತ್ರ, ಒಂದು ಬೀಗದ ಕೈ ಸಿಕ್ಕಿತು. ಆ ಬೀಗದ ಕೈಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ್ದು ನೋಡಿದರೆ ಮೈಸೂರು ಅರಮನೆಯ ಬೀಗವೂ ಅವಳ ಕೈಯಲ್ಲೇ ಇದೆಯೇನೋ ಅನ್ನಿಸುತ್ತಿತ್ತು.

ಒಂದೇ ಒಂದು ಎಡವಟ್ಟಾಗಿತ್ತು. ಉದ್ಘಾಟನೆಗೆ ಬರುವ ದೊಡ್ಡವರಿಗೆ ಜೀಪಿನಲ್ಲಿ ಕೂತಲ್ಲಿಂದಲೇ ಹೊಸ ಬಾಗಿಲುಗಳು ಸಾಲಾಗಿ ಕಾಣಲಿ ಎಂದು, ಪ್ಲಾನು ಬರೆದ ಪುಣ್ಯಾತ್ಮ ಹನ್ನೆರಡು ಮನೆಗಳಿಗೂ ರಸ್ತೆಯ ಕಡೆಗೇ ಬಾಗಿಲಿಟ್ಟಿದ್ದ. ರಸ್ತೆ ಇದ್ದದ್ದು ದಕ್ಷಿಣಕ್ಕೆ. ನಮ್ಮ ಹಿರಿಯರು ಕುರಿಹಟ್ಟಿಗೆ ಕೂಡ ದಕ್ಷಿಣಕ್ಕೆ ಬಾಗಿಲಿಟ್ಟವರಲ್ಲ, ಅದು ಯಮನ ದಿಕ್ಕು. ಟೇಪು ಕತ್ತರಿಸಿ, ಬಾಳೆಹಣ್ಣು ಹಂಚಿ, ಜೀಪುಗಳು ತಿರುಗಿದ್ದೇ ತಡ, ಕಾಲನಿಯ ಹಿರಿಯ ಚಿಕ್ಕಹನುಮಂತಪ್ಪ ಹಾರೆ ತಗೊಂಡು ತನ್ನ ಮನೆಯ ಉತ್ತರದ ಗೋಡೆ ಒಡೆದು ಅಲ್ಲೊಂದು ಬಾಗಿಲು ಕೂರಿಸಿದ. ಹಬ್ಬ ಬರುವುದರೊಳಗೆ ಹನ್ನೆರಡು ಮನೆಗಳಿಗೂ ಉತ್ತರದ ಬಾಗಿಲಾಯಿತು. ಸರ್ಕಾರದ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿ, ಅದರ ಬೆನ್ನಿಗೆ ಶೇಂಗಾ ಮೂಟೆ ಒಟ್ಟಿದರು. ಹೊರಗಡೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಸಗಣಿ ಕುಳ್ಳು ಪೇರಿಸಿದರು. ಬಟ್ಟೆ ಒಗೆಯುವ ಕಲ್ಲು, ಕೋಳಿ, ಮಕ್ಕಳು, ಮಾತು, ಜಗಳ ಎಲ್ಲ ಹಿಂದಕ್ಕೆ ಹೋಯಿತು. ಇಡೀ ಕಾಲನಿ ರಸ್ತೆಗೆ ಬೆನ್ನು ತಿರುಗಿಸಿ ಕೂತಿತು.

ಎಂಬತ್ತೆರಡರಲ್ಲಿ ಮನೆ ಹಂಚಿದ ಆಫೀಸಿನ ಸಾಹೇಬರು ತಪಾಸಣೆಗೆ ಬಂದರು. ಮನೆ ತಗೊಂಡು ವಾಸ ಮಾಡದವರ ಹಕ್ಕು ರದ್ದು ಮಾಡಿ, ಕಾಯುತ್ತಿರುವ ಬೇರೆ ಬಡವರಿಗೆ ಕೊಡಬೇಕೆಂದು ಮೇಲಿನಿಂದ ಆರ್ಡರು ಬಂದಿತ್ತು. ಆರ್ಡರಿನಲ್ಲಿ ತಪ್ಪೇನಿಲ್ಲ, ಮನೆ ಪಡೆದು ಬಾಡಿಗೆಗೆ ಬಿಟ್ಟ ಭೂಪರೂ ನಮ್ಮ ಕಡೆ ಇದ್ದಾರೆ. ಆದರೆ ಸಾಹೇಬರು ಜೀಪಿನಿಂದ ಇಳಿಯಲಿಲ್ಲ. ರಸ್ತೆಯಿಂದ ನೋಡಿದರೆ ಬಾಗಿಲುಗಳೆಲ್ಲ ಮುಚ್ಚಿವೆ. ಅಕ್ಕನ ಮನೆಯಿದ್ದ ತುದಿಯ ನಾಲ್ಕು ಮನೆಗಳ ಮುಂದಂತೂ ಕುಳ್ಳು ಆಳೆತ್ತರಕ್ಕೆ ನಿಂತಿದೆ. ನಡು ಮಧ್ಯಾಹ್ನ, ಜನವೆಲ್ಲ ಶೇಂಗಾ ಕಳೆ ಕೀಳಲು ಹೋಗಿತ್ತು. ಈ ಮನೆಗಳಲ್ಲಿ ವಾಸ ಇಲ್ಲ ಎಂದು ಬರೆಸಿಕೊಂಡು ಹೋದರು.

ಆಮೇಲೆ ಮನೆ ಯಾಕೆ ಬಿಡಿಸಬಾರದು, ಕಾರಣ ಹೇಳಿ ಎಂದು ನೋಟೀಸು ಬಂತು. ಅದನ್ನು ಎಲ್ಲಿ ಅಂಟಿಸಿದರು? ಮುಂಬಾಗಿಲಿಗೆ. ಆ ಕಡೆ ಯಾರು ಹೋಗುತ್ತಾರೆ? ಜಗಳೂರಿನ ಗಾಳಿ ಅದನ್ನು ಕಿತ್ತು ಯಾರದೋ ಹೊಲಕ್ಕೆ ಹಾಕಿರಬೇಕು. ಉತ್ತರ ಬರಲಿಲ್ಲವೆಂದು ಮನೆ ಖಾಲಿ ಮಾಡಿಸುವ ಆದೇಶವಾಯಿತು. ಅದನ್ನೂ ಅಲ್ಲೇ ಅಂಟಿಸಿದರು. ಕೊನೆಗೆ ಒಂದು ಮಧ್ಯಾಹ್ನ ಇಬ್ಬರು ಬಂದು, ಅಕ್ಕನ ಮನೆಯ ಮುಂದಿನ ಕುಳ್ಳು ಅತ್ತಿತ್ತ ತಳ್ಳಿ, ಚಿಲಕಕ್ಕೆ ಸರ್ಕಾರಿ ಬೀಗ ಜಡಿದು, ಅರಗಿನ ಸೀಲು ಒತ್ತಿ, ಮನೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿದ್ದೇವೆ ಎಂದು ಬರೆದುಕೊಂಡು ಹೋದರು. ಸಂಜೆ ಅಕ್ಕ ಹೊಲದಿಂದ ಬಂದು, ಸ್ವಾಧೀನಕ್ಕೆ ಹೋದ ಮನೆಯೊಳಗೆ ಉತ್ತರದ ಬಾಗಿಲಿನಿಂದ ಹೋಗಿ, ಮುದ್ದೆ ತಿರುವಿ ಉಂಡು ಮಲಗಿದಳು.

ಅವಳು ಸೀಲು ನೋಡಿರಲಿಲ್ಲ ಎಂದಲ್ಲ. ಕುಳ್ಳು ತರಲು ಹೋದಾಗ ನೋಡಿದ್ದಳು. ಮಲೇರಿಯಾದವರು ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಾರೆ, ಜನಗಣತಿಯವರು ನಂಬರು ಹಾಕಿ ಹೋಗುತ್ತಾರೆ, ಇವರು ಯಾರೋ ಅರಗು ಹಚ್ಚುವವರು ಇರಬೇಕು ಅಂದುಕೊಂಡಳಂತೆ. ಚೆಲ್ಲಾಡಿದ್ದ ಕುಳ್ಳನ್ನು ಬೈದುಕೊಳ್ಳುತ್ತ ಮತ್ತೆ ಒಪ್ಪವಾಗಿ ಸೀಲು ಮುಚ್ಚುವ ಹಾಗೆ ಪೇರಿಸಿಟ್ಟಳು.

ನಾನು ಆಗ ನ್ಯಾಮತಿಯ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ರಜೆಗೆಂದು ಹೊನ್ನಾಳಿ, ದಾವಣಗೆರೆ ದಾಟಿ ಜಗಳೂರಿಗೆ ಹೋದವನಿಗೆ ಅಕ್ಕ ಮಾತಿನ ನಡುವೆ ಅರಗಿನ ಸುದ್ದಿ ಹೇಳಿದಳು. ಹೋಗಿ ಕುಳ್ಳು ಸರಿಸಿ ನೋಡಿದೆ. ಸಿಂಹದ ಮುದ್ರೆ, ಅದರ ಪಕ್ಕ ಅರ್ಧ ಹರಿದ ಆದೇಶ. ಓದಿ ಮುಗಿಸಿ ಮೊದಲು ರಸ್ತೆಯ ಎರಡೂ ಕಡೆ ನೋಡಿದೆ. ಸರ್ಕಾರದ ಸೀಲಿನ ಹಿಂದೆ ಕೂತು ನಾನು ಅವಳ ಕೈಯ ರೊಟ್ಟಿ, ಶೇಂಗಾ ಚಟ್ನಿ ಹೊಡೆದಿದ್ದೆ. ನಾನು ಸರ್ಕಾರಿ ನೌಕರ, ನನ್ನ ಗತಿಯೇನು?

ಇಂಥದೇ ಆದೇಶ ಪಕ್ಕದ ಮೂರು ಮನೆಗಳಿಗೂ ಆಗಿ ಸೀಲು ಬಿದ್ದಿತ್ತು. ಅವರು ವಿಷಯ ತಿಳಿದದ್ದೇ ಓಡಿಹೋಗಿ ಸಾಹೇಬರ ಕಾಲು ಹಿಡಿದರು. ವಾಸ ಇರಲಿಲ್ಲ, ತಪ್ಪಾಯಿತು, ಇನ್ನು ಮುಂದೆ ಇರುತ್ತೇವೆ ಎಂದು ಬರೆದು ಹೆಬ್ಬೆಟ್ಟು ಒತ್ತಿದರು. ದಕ್ಷಿಣದ ಬಾಗಿಲು ತೆಗೆದು ರಂಗೋಲಿಯನ್ನೂ ಹಾಕಿದರು. ಸಾಹೇಬರು ದೊಡ್ಡ ಮನಸ್ಸು ಮಾಡಿ ಅವರ ಸೀಲು ಒಡೆಸಿದರು. ನೀನೂ ಬರೆದುಕೊಡು, ಒಂದು ಹೆಬ್ಬೆಟ್ಟಿನಲ್ಲಿ ಮುಗಿಯುತ್ತದೆ ಎಂದು ನಾನು ಅಕ್ಕನಿಗೆ ಹೇಳಿದೆ.

"ಲೇ ಗಾದ್ರ, ಏಳು ವರ್ಷದಿಂದ ಇಲ್ಲೇ ಉಂಡೀನಿ, ಇಲ್ಲೇ ಮಲಗೀನಿ," ಅಂದಳು. "ಇರ್ಲಿಲ್ಲ ಅಂತ ಹೆಂಗೆ ಬರ್ಕೊಡ್ಲಿ? ಈಗ ಒಲೆ ಮುಂದೆ ಕುಂತಿರೋಳು ಯಾರು, ನನ್ ದೆವ್ವಾನಾ?"

ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ಇವಳು ಅದನ್ನೂ ಮಾಡಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಹಾಳಾಗಿ ಹೋಗಲಿ ಈ ಮನೆ, ನ್ಯಾಮತಿಗೆ ಬಂದುಬಿಡು, ತಮ್ಮನ ಮನೆಯೂ ಅದೇ, ಮಗಳ ಮನೆಯೂ ಅದೇ, ಇನ್ನೇನು ಬೇಕು ನಿನಗೆ ಎಂದು ಕೂಗಾಡಿದೆ. ಅವಳು ರೊಟ್ಟಿಗೆ ಹಿಟ್ಟು ನಾದಲು ಕೂತಳು. ಸರ್ಕಾರದ ಹೆದರಿಕೆಗಿಂತ ಇವಳ ಹಟ ದೊಡ್ಡದು ಅಂದುಕೊಂಡೆ. ಈ ಮಾತನ್ನು ಆಮೇಲೂ ಎಷ್ಟೋ ಸಲ ಎತ್ತಿದೆ. ಪ್ರತಿ ಸಲವೂ ಅವಳಿಗೆ ಹಿಟ್ಟೋ ಕುಳ್ಳೋ ನೆನಪಾಗುತ್ತಿತ್ತು.

ಕೊನೆಗೆ ನನಗೆ ಹೊಳೆದದ್ದು ಚನ್ನಗಿರಿಯ ವಕೀಲ ಮಹೇಶ್ವರಪ್ಪನವರು. ಅಡಿಕೆ ವ್ಯಾಪಾರದ ಮನೆತನ. ಅವರು ಬೆಂಗಳೂರಿನಲ್ಲಿ ಹೈಕೋರ್ಟು ವಕೀಲಿ ಮಾಡುತ್ತಿದ್ದರು, ರಜೆ ಬಂದರೆ ಊರಿಗೆ ಬರುತ್ತಿದ್ದರು. ನಾನು ಮೊದಲು ಚನ್ನಗಿರಿಯಲ್ಲಿದ್ದಾಗ ಅವರ ಮನೆಯ ಎಮ್ಮೆಗೆ ಹೊಟ್ಟೆಯಲ್ಲಿ ಕರು ಅಡ್ಡವಾಗಿ ಸಿಕ್ಕಿಕೊಂಡು, ಡಾಕ್ಟರ ಜೊತೆ ಬೆಳತನಕ ಒದ್ದಾಡಿ ತಾಯಿ ಕರು ಎರಡನ್ನೂ ಉಳಿಸಿದ್ದೆ. ಫೀಸಿನ ಮಾತೆತ್ತಿದರೆ ಅವರು ಎಮ್ಮೆಯ ಹೆಸರು ಹೇಳಿ ನಕ್ಕರು. ಸೀಲಿನ ಹಿಂದೆ ಸಂಸಾರ ನಡೆದಿದೆ ಎಂದು ಕೇಳಿದ ಮೇಲೆ ಮಾತ್ರ ನಗು ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ಅವರು ಹೇಳಿದ್ದು ನನಗೆ ಅರ್ಥವಾದ ಮಟ್ಟಿಗೆ ಇಷ್ಟು. ಹೈಕೋರ್ಟು ಮನೆ ಯಾರದು ಎಂದು ತೀರ್ಮಾನ ಮಾಡುವುದಿಲ್ಲ. ಅದು ಸಾಹೇಬರ ಕೆಲಸ. ಸಾಹೇಬರು ಆ ಕೆಲಸವನ್ನು ಸರಿಯಾದ ರೀತಿಯಲ್ಲಿ ಮಾಡಿದರೋ ಇಲ್ಲವೋ ಎಂದಷ್ಟೇ ನೋಡುತ್ತದೆ. ಅಂದರೆ ಅಡುಗೆಯ ರುಚಿ ನೋಡುವುದಿಲ್ಲ, ಪಾತ್ರೆ ತೊಳೆದು ಒಲೆಗಿಟ್ಟರೋ ಇಲ್ಲವೋ ಅದನ್ನು ನೋಡುತ್ತದೆ. ಮನೆ ಬಿಡಿಸುವ ಮುಂಚೆ ಆ ಮನೆಯವಳ ಮಾತು ಕೇಳಬೇಕು, ಕೇಳಿಲ್ಲ. ಅಷ್ಟೇ ನಮ್ಮ ಕೇಸು.

ರಿಟ್ ಅರ್ಜಿ ಹಾಕಿದ ಕೂಡಲೇ ಕೋರ್ಟು ಯಥಾಸ್ಥಿತಿ ಕಾಪಾಡಿ ಎಂದು ಆದೇಶ ಮಾಡಿತು. ಯಥಾಸ್ಥಿತಿ ಅಂದರೆ ಏನು? ಮುಂದೆ ಸೀಲು, ಹಿಂದೆ ಸಂಸಾರ. ಹಾಗೇ ಎರಡು ವರ್ಷ ನಡೆಯಿತು. ಅಕ್ಕ ಉತ್ತರದ ಬಾಗಿಲಲ್ಲಿ ಹೋಗಿ ಬಂದು ಮಾಡುತ್ತಿದ್ದಳು, ದಕ್ಷಿಣದ ಬಾಗಿಲಲ್ಲಿ ಸರ್ಕಾರ ಭದ್ರವಾಗಿತ್ತು. ನ್ಯಾಮತಿಯಲ್ಲಿ ನನಗೆ ಮಾತ್ರ ನಿದ್ದೆ ಇರಲಿಲ್ಲ. ಯಾವ ಜೀಪಿನ ಸದ್ದು ಕೇಳಿದರೂ ನನ್ನ ಸಸ್ಪೆನ್ಷನ್ನೇ ಬಂತು ಅನ್ನಿಸುತ್ತಿತ್ತು.

ಕೇಸಿನ ವಿಚಾರಣೆಗೆ ದಿನ ಗೊತ್ತಾದಾಗ ಅಕ್ಕ ಬೆಂಗಳೂರಿಗೆ ಬಂದೇ ತೀರುತ್ತೇನೆ ಅಂದಳು. ನೀವು ಬರುವ ಅಗತ್ಯವಿಲ್ಲಮ್ಮ ಎಂದು ವಕೀಲರು ಹೇಳಿ ಕಳಿಸಿದ್ದರು. ನನ್ನ ಮನೆ, ನನ್ನ ಕೇಸು, ನಾನಿಲ್ಲದೆ ಏನು ಮಾತಾಡುತ್ತಾರೆ ಎಂದು ಹೊರಟೇಬಿಟ್ಟಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಜಡ್ಜಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿದಳು. ಶಿರಾ ಬರುವ ಹೊತ್ತಿಗೆ ಅವಳಿನ್ನೂ ತನ್ನ ಮದುವೆಯವರೆಗೆ ಮಾತ್ರ ಬಂದಿದ್ದಳು. ಮುಂದಿನ ಸೀಟಿನವರು ಎದ್ದು ಹಿಂದೆ ಹೋಗಿ ಕೂತರು.

ಕೋರ್ಟಿನ ಹಾಲಿನಲ್ಲಿ ನಮ್ಮನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿದರು. ಎಲ್ಲ ಇಂಗ್ಲಿಷು. ಅದರಲ್ಲಿ ನನಗೆ ತಿಳಿದದ್ದು ಯೆಸ್, ನೋ, ಡೋರ್. ಉಳಿದದ್ದನ್ನು ಮಹೇಶ್ವರಪ್ಪನವರು ಆಮೇಲೆ ಬಿಡಿಸಿ ಹೇಳಿದರು. ಸರ್ಕಾರದ ವಕೀಲರು, ಮನೆ ಆಗಲೇ ಸ್ವಾಧೀನಕ್ಕೆ ಬಂದು ಸೀಲಾಗಿದೆ, ಇನ್ನು ಈ ಅರ್ಜಿಯಲ್ಲಿ ಹುರುಳಿಲ್ಲ ಅಂದರಂತೆ. ಮಹೇಶ್ವರಪ್ಪನವರು ಎದ್ದು, ಅರ್ಜಿದಾರಳು ನಿನ್ನೆ ಬೆಳಿಗ್ಗೆಯವರೆಗೂ ಅದೇ ಮನೆಯೊಳಗೆ ಅಡುಗೆ ಮಾಡಿಕೊಂಡಿದ್ದಳು ಅಂದರಂತೆ. ಸೀಲು ಒಡೆದಳೇ ಎಂದು ಜಡ್ಜು ಕೇಳಿದರು. ಇಲ್ಲ, ಸೀಲು ಭದ್ರವಾಗಿದೆ, ಅದನ್ನು ಮಳೆಯಲ್ಲಿ ನೆನೆಯದಂತೆ ಅವಳೇ ಕುಳ್ಳು ಮುಚ್ಚಿ ಕಾಪಾಡಿದ್ದಾಳೆ ಅಂದರು. ಜಡ್ಜು ಪೆನ್ನು ಕೆಳಗಿಟ್ಟು ನಕ್ಕರು. ಹಾಗಾದರೆ ನೋಟೀಸನ್ನು ಅಂಟಿಸಿದ ಬಾಗಿಲನ್ನು ಬಳಸುವವರು ಯಾರು ಎಂದು ಕೇಳಿದರು. ಉದ್ಘಾಟನೆಗೆ ಬಂದವರು ಬಿಟ್ಟರೆ ಇನ್ಯಾರೂ ಇಲ್ಲ ಎಂದು ನಮ್ಮವರು ಹೇಳಿದರು.

ಎಲ್ಲ ನಗುತ್ತಿದ್ದಾಗ ಅಕ್ಕ ಎದ್ದು ನಿಂತಳು. ಈಗ ತನ್ನ ಸರದಿ ಅಂದುಕೊಂಡಿದ್ದಳು. ಸೆರಗು ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆಯುವಷ್ಟರಲ್ಲಿ ಕೆಂಪು ಪಟ್ಟಿಯ ಜವಾನ ಬಂದು ಕೈಸನ್ನೆ ಮಾಡಿ ಕೂರಿಸಿದ. ಅಷ್ಟು ಹೊತ್ತಿಗೆ ಇನ್ನೊಂದು ಕೇಸಿನ ಹೆಸರು ಕೂಗಿದರು.

ಹೊರಗೆ ಬಂದು ಮಹೇಶ್ವರಪ್ಪನವರು ಗೆದ್ದೆವು ಅಂದರು. ನಾನು ಕೈಮುಗಿದೆ. ಹಾಗಾದರೆ ಮನೆ ನಂದಾಯಿತಲ್ಲ ಎಂದು ಅಕ್ಕ ಕೇಳಿದಳು. ಅದು ಹಾಗಲ್ಲ ಎಂದು ಅವರು ತಲೆ ಕೆರೆದುಕೊಂಡರು. ಖಾಲಿ ಮಾಡಿಸುವ ಆದೇಶವನ್ನು ಕೋರ್ಟು ರದ್ದು ಮಾಡಿದೆ. ಈಗ ಅದೇ ಸಾಹೇಬರು ಖುದ್ದು ಸ್ಥಳಕ್ಕೆ ಬಂದು, ನಿಮ್ಮ ಅಹವಾಲನ್ನು ಪೂರ್ತಿ ಕೇಳಿ, ಹೊಸದಾಗಿ ತೀರ್ಮಾನ ಮಾಡಬೇಕು. ಮನೆ ಬಿಡಿಸಬೇಕು ಎಂದು ಅವರಿಗೆ ಮತ್ತೆ ಅನ್ನಿಸಿದರೆ ಬಿಡಿಸಬಹುದು, ಕಾರಣ ಮಾತ್ರ ಸರಿಯಾಗಿ ಬರೆಯಬೇಕು ಅಂದರು.

ನನಗೆ ಮೈಯೆಲ್ಲ ಉರಿಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವ ಗಾದೆಯನ್ನು ಕೇಳಿದ್ದೆ. ಇಲ್ಲಿ ದೇವರೇ ವರವನ್ನು ಪೂಜಾರಿಯ ಕೈಗೆ ಕೊಟ್ಟು ಕಳಿಸಿದ್ದ. ಹೈಕೋರ್ಟಿಗೆ ಎಳೆದ ಹೆಂಗಸಿಗೆ ಆ ಸಾಹೇಬ ಮನೆ ಕೊಡುತ್ತಾನೆಯೇ? ಅಕ್ಕ ಮಾತ್ರ ಅಷ್ಟೂ ಮಾತಿನಲ್ಲಿ ಒಂದೇ ಒಂದು ಪದ ಹಿಡಿದುಕೊಂಡಿದ್ದಳು. ಪೂರ್ತಿ ಕೇಳಬೇಕು ಅಂತ ಬರೆದಿದ್ದಾರಾ ಎಂದು ವಕೀಲರನ್ನು ಎರಡೆರಡು ಸಲ ಕೇಳಿದಳು. ಹೌದಮ್ಮ, ಪೂರ್ತಿ ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನೆಮ್ಮದಿಯಾಗಿ ನಿದ್ದೆ ಮಾಡಿದಳು.

ಸಾಹೇಬರು ಬಂದದ್ದು ಎಂಬತ್ತೈದರ ಬೇಸಗೆಯಲ್ಲಿ, ಜೊತೆಗೊಬ್ಬ ಗುಮಾಸ್ತ. ಅಭ್ಯಾಸಬಲದಿಂದ ರಸ್ತೆಯ ಬದಿಯಲ್ಲೇ ಇಳಿದು ಮುಂಬಾಗಿಲ ಎದುರು ನಿಂತರು. ಅಲ್ಲಿ ಅವರದೇ ಸೀಲು. ಅಕ್ಕ ಹಿಂದಿನಿಂದ ಹಿಂಗೆ ಬರ್ರಿ ಎಂದು ಕರೆದಳು. ಅವರು ಕುಳ್ಳು ದಾಟಿ, ಮೂಲೆ ಸುತ್ತಿ, ಹಿತ್ತಲಿಗೆ ಬಂದಾಗ ಅಲ್ಲಿ ಇಡೀ ಕಾಲನಿಯೇ ಇತ್ತು. ಎಂಟೊಂಬತ್ತು ವರ್ಷ ತಾವು ನೋಡದಿದ್ದ ಊರನ್ನು ಸಾಹೇಬರು ಒಂದು ಗಳಿಗೆ ಸುಮ್ಮನೆ ನಿಂತು ನೋಡಿದರು. ಸ್ಕೂಲಿನಿಂದ ತಂದಿದ್ದ ಕುರ್ಚಿಯ ಮೇಲೆ ಕೂತು, ಹೇಳಮ್ಮ ಅಂದರು.

ಅವರು ಹಾಗೆ ಅನ್ನಬಾರದಿತ್ತು. ಹೈಕೋರ್ಟಿನಲ್ಲಿ ಗಂಟಲಿಗೆ ಬಂದು ನಿಂತದ್ದು ಅಷ್ಟೂ ಹೊರಗೆ ಬಂತು. ತನ್ನ ಅಪ್ಪ ಕುರಿ ಕಾಯ್ದದ್ದರಿಂದ ಶುರುಮಾಡಿದಳು. ದೊಡ್ಡಣ್ಣ ಇದೇ ಟಾರು ರಸ್ತೆಗೆ ಜಲ್ಲಿ ಹೊಡೆದದ್ದು, ಉದ್ಘಾಟನೆಯ ದಿನ ತನ್ನನ್ನು ಎರವಲು ಸೀರೆಯಲ್ಲಿ ಬಿಸಿಲಿಗೆ ನಿಲ್ಲಿಸಿದ್ದು, ಹೆಂಚು ಸೋರುತ್ತದೆ ಎಂದು ಹೇಳಿ ಹೇಳಿ ಸಾಕಾದದ್ದು, ಲೈಟಿನ ಕಂಬ ಬಂದು ಲೈಟು ಬಾರದೇ ಇದ್ದದ್ದು. ಗುಮಾಸ್ತ ಬರೆದ, ಬರೆದ, ಪೆನ್ನಿಗೆ ಇಂಕು ತುಂಬಿಸಿಕೊಂಡು ಮತ್ತೆ ಬರೆದ. ನಲ್ಲಿಯ ವಿಚಾರ ಬಂದಾಗ ಸಾಹೇಬರು ಅದು ಈ ಕೇಸಿಗೆ ಸಂಬಂಧಿಸಿದ್ದಲ್ಲ ಅಂದರು. ಅಕ್ಕ ಅವರನ್ನೇ ನೋಡಿ ಮೆತ್ತಗೆ, "ಪೂರ್ತಿ," ಅಂದಳು. ಸಾಹೇಬರು ಗುಮಾಸ್ತನಿಗೆ ಬರೆದುಕೊಳ್ಳಲು ಕಣ್ಣಲ್ಲೇ ಹೇಳಿದರು.

ಊಟದ ಹೊತ್ತಾಯಿತು. ಅಕ್ಕ ರೊಟ್ಟಿ ಬಡಿಸಿದಳು. ಗುಮಾಸ್ತ ಚಪ್ಪರಿಸಿಕೊಂಡು ಉಂಡ. ಸಾಹೇಬರಿಗೆ ಅಂದು ಹೊಟ್ಟೆ ಸರಿಯಿರಲಿಲ್ಲವಂತೆ. ನಮ್ಮ ಕೇರಿಗೆ ಬಂದ ಅಧಿಕಾರಿಗಳಿಗೆ ಹೊಟ್ಟೆ ಕೆಡುವುದು ಹೊಸದೇನಲ್ಲ, ನಾವು ಒತ್ತಾಯ ಮಾಡಲಿಲ್ಲ. ಉಂಡು ಕೈತೊಳೆದು ಅಕ್ಕ ಮತ್ತೆ ಕೂತಳು. ಅವಳ ಮಾತು ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಷ್ಟು ಹೊತ್ತು ಯಾರಾದರೂ ಅವಳ ಮಾತನ್ನು ಕೂತು ಕೇಳಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅವಳ ಮುಖ ತೊಳೆದಿಟ್ಟ ಹಾಗಿತ್ತು.

ಆಗ ಸಾಹೇಬರು ತಮ್ಮ ಪ್ರಶ್ನೆ ಕೇಳಿದರು. ಎಷ್ಟೇ ಆಗಲಿ ಓದಿದವರು, ಸರಿಯಾದ ಜಾಗಕ್ಕೇ ಕೈ ಹಾಕಿದರು.

"ಅಮ್ಮ, ನೀವು ಇಲ್ಲಿ ವಾಸ ಇದೀರಿ, ಅದನ್ನ ಒಪ್ಪಿದೆ. ಆದರೆ ನಿಮ್ಮ ತಮ್ಮ ಸರ್ಕಾರಿ ನೌಕರರು. ಅಳಿಯನೂ ಅವರೇ. ಮನೆಗೆ ಬಾ ಅಂತ ಕರೀತಾನೂ ಇದಾರಂತೆ. ಈ ಮನೆಗೆ ಏನೂ ಇಲ್ಲದವರು ಎಷ್ಟೋ ಜನ ಕಾಯ್ತಿದಾರೆ. ನಿಮಗೆ ಇದು ಯಾಕೆ ಬೇಕು, ಅದೊಂದು ಹೇಳಿ."

ಮನೆ ಹೋಗುವುದಾದರೆ ಇದೊಂದು ಪ್ರಶ್ನೆಯಲ್ಲೇ ಹೋಗುತ್ತದೆ ಅನ್ನಿಸಿತು. ಆದರೂ ಸುಳ್ಳು ಯಾಕೆ ಹೇಳಲಿ, ಹತ್ತು ಜನರ ಮುಂದೆ ನಾನು ಒಳ್ಳೆಯ ತಮ್ಮನಾಗಿ ಕಂಡದ್ದಕ್ಕೆ ಸ್ವಲ್ಪ ಬೀಗಿದೆ ಕೂಡ. ಹೌದು ಸಾರ್, ಎಷ್ಟೋ ಸಲ ಕರೆದಿದ್ದೇನೆ ಅಂದೆ.

ಬೆಳಿಗ್ಗೆಯಿಂದ ಬಿಡುವಿಲ್ಲದೆ ಮಾತಾಡಿದವಳು ಈಗ ನನ್ನನ್ನು ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿದಳು.

"ಸ್ವಾಮಿ, ಇವ್ನು ಒಳ್ಳೇನೇ. ನಾನೇ ಎತ್ತಿ ಬೆಳೆಸೀನಿ. ಆದ್ರೆ ಸಿಟ್ಟು ಮೂಗಿನ ತುದೀಲಿ ಐತೆ. ಬೇರೆ ಹೆಣ್ಮಕ್ಳು ಗಂಡನ ಕೂಡೆ ಜಗಳ ಆದ್ರೆ ಅವ್ವನ ಮನೆಗೆ ಹೋಗ್ತಾರೆ. ಅವ್ವ ಇಲ್ದಿದ್ರೆ ಸೋದರಮಾವನ ಮನೆಗೆ ಹೋಗ್ತಾರೆ. ನನ್ ಮಗಳಿಗೆ ಗಂಡನೂ ಇವ್ನೇ, ಸೋದರಮಾವನೂ ಇವ್ನೇ. ನಾನೂ ಹೋಗಿ ಇವ್ನ ಮನೇಲೇ ಕುಂತ್ರೆ ಅವ್ಳು ಎಲ್ಲಿಗೆ ಹೋಗ್ಬೇಕು? ಹೋಗಾಕೆ ಒಂದು ಮನೆ ಐತೆ ಅಂದ್ರೆ ಅವ್ಳು ಹೋಗ್ದೇನೂ ಇರ್ಬೋದು. ಇಲ್ಲ ಅಂದ್ರೆ, ಇಲ್ಲ ಅನ್ನೋದು ಇವ್ನಿಗೆ ಗೊತ್ತಿರ್ತೈತಲ್ಲ."

ಚಿಕ್ಕಹನುಮಂತಪ್ಪ ನನ್ನ ಕಡೆ ನೋಡಿ ಬೇಗನೆ ಬೇರೆ ಕಡೆ ನೋಡಿದ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಎರಡು ವರ್ಷ ನಿದ್ದೆಗೆಟ್ಟದ್ದು ನಾನು, ವಕೀಲರನ್ನು ಹಿಡಿದದ್ದು ನಾನು, ಸೊಂಟ ಹೋದದ್ದು ನನ್ನದು. ಯಾವುದಕ್ಕೆ? ನನ್ನ ಹೆಂಡತಿ ನನ್ನನ್ನು ಬಿಟ್ಟು ಹೋಗಲು ಒಂದು ಜಾಗ ಇರಲಿ ಎಂದು. ಸಿಟ್ಟಿನ ಕೆಳಗೆ ಇನ್ನೊಂದು ಸಂಕಟವೂ ಇತ್ತು, ಏಕೆಂದರೆ ಅಕ್ಕ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಗುಮಾಸ್ತ ಹೇಳಿಕೆಯ ಕೊನೆಯ ಭಾಗವನ್ನು ಎಲ್ಲರಿಗೂ ಕೇಳುವಂತೆ ಓದಿದ. ಅಳಿಯನಾದ ಗಾದ್ರಪ್ಪನೊಂದಿಗೆ ಮನಸ್ತಾಪವಾದ ಪಕ್ಷದಲ್ಲಿ ಮಗಳು ಬಂದು ತಂಗುವ ಸಲುವಾಗಿ ಸದರಿ ಮನೆಯು ಅತ್ಯವಶ್ಯವಾಗಿರುತ್ತದೆ. ಅಕ್ಕ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು. ಹೆಬ್ಬೆಟ್ಟಿಗೆ ಓದುಬರಹ ಬಲ್ಲವರ ಸಾಕ್ಷಿ ಸಹಿ ಬೇಕಲ್ಲ ಎಂದು ಗುಮಾಸ್ತ ಸುತ್ತ ನೋಡಿದ. ಸಾಹೇಬರು ಆವತ್ತು ಮೊದಲ ಸಲ ನಕ್ಕು, ಪೆನ್ನನ್ನು ನನ್ನ ಕೈಗೇ ಕೊಟ್ಟರು. ಸಹಿ ಹಾಕಿದೆ.

ಆದೇಶ ಮುಂಗಾರು ಹಿಡಿಯುವ ಹೊತ್ತಿಗೆ ಬಂತು. ಹಂಚಿಕೆ ಖಾಯಂ, ಸೀಲು ತೆಗೆಯತಕ್ಕದ್ದು, ಇನ್ನು ಮುಂದೆ ಈ ಸಾಲಿನ ಮನೆಗಳ ಉತ್ತರದ ಬಾಗಿಲನ್ನೇ ಮುಂಬಾಗಿಲೆಂದು ಪರಿಗಣಿಸತಕ್ಕದ್ದು. ಆ ಸಾಹೇಬರನ್ನು ನಾನು ಮನಸ್ಸಿನಲ್ಲಿ ಎಷ್ಟೋ ಬೈದಿದ್ದೆ. ಕೇಳಬೇಕಾದ್ದನ್ನು ಕೇಳಿದ ಮೇಲೆ ಅವರು ಸರಿಯಾಗಿಯೇ ಬರೆದರು ಎಂದು ಒಪ್ಪಬೇಕು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಶ್ರಾವಣದಲ್ಲಿ ಒಂದು ದಿನ, ಹಳ್ಳಿಯೊಂದರಲ್ಲಿ ಎತ್ತಿನ ಒದೆ ತಿಂದು ಮನೆಗೆ ಬಂದವನು ಆ ಸಿಟ್ಟನ್ನು ಸಾರಿನ ಮೇಲೆ ತೀರಿಸಿದೆ. ತಟ್ಟೆ ತಳ್ಳಿದೆ, ಬಾಯಿಗೆ ಬಂದದ್ದು ಅಂದೆ. ಬೆಳಿಗ್ಗೆ ನಾನು ಎದ್ದಾಗ ಹೊನ್ನೂರಮ್ಮ ನಮ್ಮ ಮಗುವನ್ನು ಕರೆದುಕೊಂಡು ಮೊದಲ ಬಸ್ಸಿಗೆ ಜಗಳೂರಿಗೆ ಹೋಗಿದ್ದಳು. ಎರಡು ದಿನ ಬಿಗಿದುಕೊಂಡೇ ಇದ್ದೆ, ತಾನಾಗಿ ಬರುತ್ತಾಳೆ ಎಂದು. ಮೂರನೆಯ ದಿನಕ್ಕೆ ನಾನು ಮಾಡಿದ ಸಾರನ್ನು ನಾನೇ ಉಣ್ಣಲಾಗದೆ ಬಸ್ಸು ಹತ್ತಿದೆ.

ಕಾಲನಿಯ ಮೂಲೆ ಸುತ್ತಿ ಹಿತ್ತಲಿಗೆ, ತಪ್ಪಾಯಿತು, ಮುಂಬಾಗಿಲಿಗೆ ಹೋದೆ. ಹೊನ್ನೂರಮ್ಮ ಒಲೆಯ ಹತ್ತಿರ ಕೂತಿದ್ದಳು, ತಲೆ ಎತ್ತಲಿಲ್ಲ. ಅಕ್ಕ ಹೊಸ್ತಿಲ ಒಳಗೆ ನಿಂತಿದ್ದಳು. ಹುಟ್ಟಿದಾಗಿನಿಂದ ನನ್ನನ್ನು ಲೇ ಎಂದಲ್ಲದೆ ಕರೆದವಳಲ್ಲ. ಅಂದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಾಲಿಗೆ ನೀರು ಕೊಟ್ಟು, ಗೋಡೆಯ ಪಕ್ಕ ಚಾಪೆ ಹಾಸಿದಳು.

"ಬರ್ರಿ ಅಳಿಯಂದ್ರೆ, ಕುಂದ್ರಿ," ಅಂದಳು. "ಮಗಳ ಮಾತು ಪೂರ್ತಿ ಕೇಳೀನಿ. ಈಗ ನಿಮ್ದು ಹೇಳ್ರಿ."

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ.